ಆರು ಖೋಲಿಗಳ ಮಾಲೀಕ

ಬಳಿಚಕ್ರದ ಭಾಗಣ್ಣ ಶಹಾಪುರದಲ್ಲಿ ಆರು ಖೋಲಿಗಳ ದೊಡ್ಡ ವಾಡೆಮನೆಯೊಂದನ್ನು ಕೊಂಡು, ಅದೇ ವಾಡೆಯ ಹೆಬ್ಬಾಗಿಲಿನ ಕಟ್ಟೆಯ ಮೇಲೆ ನಾಲ್ಕು ವರ್ಷಕ್ಕೂ ಮೇಲೆ ಸಂಸಾರ ಮಾಡಿದ. ಊರಿನವರಿಗೆ ಅದು ನಗುವ ವಿಷಯ. ಸಂತೆಗೆ ಬಂದವರು ಕೂಡ "ಧಣಿ ಬಾಗಲಾಗ, ಕಿರಾಯಿ ಮಂದಿ ಒಳಗ" ಎಂದು ಆಡಿಕೊಂಡು ಹೋಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ, ಯಾಕೆಂದರೆ ಬಾಡಿಗೆ ಕೊಟ್ಟು ಇದ್ದ ಆ ಒಳಗಿನ ಮಂದಿಯಲ್ಲಿ ನಾನೂ ಒಬ್ಬ. ಬಾವಿಯ ಮಗ್ಗುಲಿನ ಮೂರನೆಯ ಖೋಲಿ ನನ್ನದಾಗಿತ್ತು. ನನ್ನನ್ನು ಬಿಟ್ಟು ಈ ಕಥೆ ಬರೆಯಬಹುದು, ಬರೆದರೆ ಭಾಗಣ್ಣ ಪೆದ್ದನಂತೆ ಕಾಣುತ್ತಾನೆ. ಅವನು ಪೆದ್ದನಲ್ಲ. ನೂರಾ ನಲವತ್ತು ಕುರಿಗಳ ಹಿಂಡಿನಲ್ಲಿ ಒಂದು ಮರಿ ಕಾಣದಿದ್ದರೆ ಎಣಿಸದೆಯೇ ಹೇಳುತ್ತಿದ್ದವನು.

ಮಳೆಗಾಲ ಮುಗಿದ ಕೂಡಲೇ ಅವನ ಹಿಂಡು ಬಳಿಚಕ್ರ ಬಿಟ್ಟು ಭೀಮಾ ದಂಡೆ, ಅಲ್ಲಿಂದ ಕೃಷ್ಣಾ ದಂಡೆ ಹಿಡಿಯುತ್ತಿತ್ತು. ಪೈರು ಎತ್ತಿದ ಹೊಲಗಳಲ್ಲಿ ಕುರಿ ಕೂಡಿಸುವುದು ಕಸುಬು. ಕುರಿ ಮಲಗಿದ ನೆಲಕ್ಕೆ ಗೊಬ್ಬರ ಬೀಳುತ್ತದೆ, ಹೊಲದವನು ಅದಕ್ಕೆ ಜೋಳ ಅಳೆದು ಕೊಡುತ್ತಾನೆ. ನೆಲ ತುಂಬಿತೆಂದರೆ ಹಟ್ಟಿ ಕಿತ್ತು ಮುಂದಿನ ಹೊಲಕ್ಕೆ. ಏಳು ಎಂದು ಯಾರೂ ಹೇಳಬೇಕಾಗಿಲ್ಲ. ಹೇಳಿಸಿಕೊಂಡು ಎದ್ದರೆ ಅದು ಕುರುಬನಿಗೆ ಮಾನಗೇಡು. ಭಾಗಣ್ಣನಿಗೆ ಆಗ ನಲವತ್ತೈದು ದಾಟಿತ್ತು, ಒಂದೇ ಜಾಗದಲ್ಲಿ ಹದಿನೈದು ದಿನ ಮಲಗಿದ್ದು ಅವನಿಗೆ ನೆನಪಿರಲಿಲ್ಲ.

ಅಂಥವನಿಗೆ ಮನೆಯ ಹುಚ್ಚು ಹಿಡಿದದ್ದು ಹೆಂಡತಿಯಿಂದ. ಹಣಮಮ್ಮ ಗಟ್ಟಿ ಹೆಂಗಸು, ತೋಳ ಬಂದರೆ ಕೋಲು ಹಿಡಿದು ಎದುರು ನಿಲ್ಲುವವಳು. ಆದರೆ ಹೈದರಾಬಾದ್ ಸಂಸ್ಥಾನ ಬಿದ್ದ ನಲವತ್ತೆಂಟರ ಗಲಾಟೆಯಲ್ಲಿ ಒಂದು ರಾತ್ರಿ ಅವರ ಹಟ್ಟಿಗೆ ಹತ್ತಿಪ್ಪತ್ತು ಜನ ನುಗ್ಗಿದರು. ಯಾವ ಕಡೆಯವರೋ ಅವಳಿಗೆ ತಿಳಿಯಲಿಲ್ಲ. ಕೈಗೆ ಸಿಕ್ಕಷ್ಟು ಕುರಿ ಹೊಡೆದುಕೊಂಡು ಹೋದರು, ಗಂಡನ ತಲೆ ಒಡೆದರು. ಇವಳು ಕಂಬಳಿಯ ಕೆಳಗೆ ಬೆಳಗಿನವರೆಗೆ ಮಿಸುಕದೆ ಬಿದ್ದಿದ್ದಳು. ಅಂದಿನಿಂದ ಬಯಲಿನಲ್ಲಿ ಅವಳಿಗೆ ನಿದ್ದೆ ಹತ್ತಲಿಲ್ಲ. "ಒಳಗಿಂದ ಚಿಲಕ ಹಾಕ್ಕೊಳ್ಳಾಕ ಬರೂ ಅಂಥಾ ಒಂದು ಬಾಗಲ ಕೊಡ್ಸು, ಮತ್ತೇನೂ ಕೇಳಂಗಿಲ್ಲ ನಾ" ಎಂದು ಗಂಡನಿಗೆ ಹೇಳಿದ್ದಳಂತೆ. ಅವಳು ಬದುಕಿನಲ್ಲಿ ಅವನಿಂದ ಬೇಡಿದ್ದು ಅದೊಂದೇ ಎಂದು ಭಾಗಣ್ಣ ನನಗೆ ಹೇಳಿದ್ದ.

ವಾಡೆ ಮನ್ಸೂರಅಲಿ ಸಾಹೇಬರದು. ತಹಸೀಲ ಕಚೇರಿಯಲ್ಲಿ ಬರವಣಿಗೆ ಮಾಡಿ ನಿವೃತ್ತರಾದವರು, ಹೈದರಾಬಾದಿನಲ್ಲಿದ್ದ ಮಗನ ಮನೆಗೆ ಹೋಗಿ ಸೇರಬೇಕೆಂದಿದ್ದರು. ಅವರನ್ನು ಕಟ್ಟಿಹಾಕಿದ್ದು ಕಿರಾಯಿದಾರರ ಋಣ. ಅದೇ ಗಲಾಟೆಯ ವಾರದಲ್ಲಿ ಒಂದು ಗುಂಪು ಸಾಹೇಬರನ್ನು ಹುಡುಕಿಕೊಂಡು ಬಂದಾಗ, ಎರಡನೆಯ ಖೋಲಿಯ ಕಮ್ಮಾರ ಮೌನಪ್ಪ ಸುತ್ತಿಗೆ ಹಿಡಿದು ಹೆಬ್ಬಾಗಿಲಿಗೆ ಅಡ್ಡ ನಿಂತಿದ್ದ, ಉಳಿದವರು ಅವನ ಹಿಂದೆ. ನಾನೂ ಇದ್ದೆ, ಎಲ್ಲರಿಗಿಂತ ಹಿಂದೆ. ಗುಂಪು ತಿರುಗಿ ಹೋಯಿತು. ಹಾಗಾಗಿ ಐವತ್ತೊಂದರ ಬೇಸಿಗೆಯಲ್ಲಿ ಹತ್ತಿಯ ದಲಾಲಿಯೊಬ್ಬ ಒಳ್ಳೆಯ ಬೆಲೆ ಹೇಳಿದರೂ ಸಾಹೇಬರು ಕೊಡಲಿಲ್ಲ. ಅವನಿಗೆ ಖಾಲಿ ವಾಡೆ ಬೇಕಿತ್ತು, ಅರಳೆ ತುಂಬಲು.

ಆಗ ಬಂದವನು ಭಾಗಣ್ಣ. ಕುರಿ ಹಿಂಡು ಕೊಳ್ಳುವ ರೀತಿಯಲ್ಲೇ ಅವನು ವಾಡೆ ನೋಡಿದ. ಗೋಡೆ ತಟ್ಟಲಿಲ್ಲ, ಮಾಳಿಗೆ ಹತ್ತಲಿಲ್ಲ. ಮುಂಜಾನೆ ಹೆಬ್ಬಾಗಿಲಿನ ಎದುರು ಕುಕ್ಕರುಗಾಲಲ್ಲಿ ಕುಳಿತು ಹೊರಬರುವ ಜನರನ್ನು ಒಬ್ಬೊಬ್ಬರಾಗಿ ನೋಡಿದ. ಯಾರು ಕುಂಟುತ್ತಾರೆ, ಯಾರಿಗೆ ಕೆಮ್ಮು, ಯಾರ ಮೈ ಚೆನ್ನಾಗಿದೆ ಎಂದು ಗಮನಿಸಿದ. ನಾನು ಪಾಠ ಹೇಳಲು ಶಾಲೆಗೆ ಹೊರಟಾಗ ನನ್ನ ಹಲ್ಲನ್ನೂ ನೋಡಿದಂತೆ ಅನಿಸಿ ಸಿಟ್ಟು ಬಂತು. ಆಮೇಲೆ ಅವನು ಸಾಹೇಬರಿಗೆ, "ಇಪ್ಪತ್ತೇಳು ತಲಿ ಅವರಿ. ಮಂದಿ ಚಲೋ ಅದಾರ. ತಗೋತೀನಿ" ಎಂದ.

ಸಾಹೇಬರು ಅವನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡರು. ಸಾಕ್ಷಿ ಹಾಕಲೆಂದು ನನ್ನನ್ನೂ ಕರೆದಿದ್ದರು, ಉರ್ದು ಕನ್ನಡ ಎರಡೂ ಬರುವ ಮಾಸ್ತರನೆಂದು.

"ಭಾಗಣ್ಣ, ವಾಡೆ ನಿನಗಾ ಕೊಡ್ತೀನಿ" ಎಂದರು ಸಾಹೇಬರು. "ಆದ್ರ ಒಂದು ಮಾತು. ಈ ಮಂದೀನ ನೀ ಎಬ್ಬಿಸಬಾರ್ದು. ತಾವಾಗಿ ಎದ್ದು ಹೋದ್ರ ಹೋಗ್ಲಿ."

ಭಾಗಣ್ಣ ನಕ್ಕುಬಿಟ್ಟ. "ಇಷ್ಟನಾ? ಎಬ್ಬಿಸೂದ್ಯಾಕ್ರಿ ಸಾಹೇಬ್ರ. ಅವರಾ ಏಳ್ತಾರ."

ಸೊಂಟದ ಚೀಲ ಬಿಚ್ಚಿ ಭಂಡಾರದ ಅರಿಶಿನ ಪುಡಿ ತೆಗೆದು ಹಣೆಗೆ ಹಚ್ಚಿಕೊಂಡ. "ಮೈಲಾರಲಿಂಗನ ಭಂಡಾರ ಮುಟ್ಟಿ ಹೇಳ್ತೀನಿ. ಈ ವಾಡೇದಾಗ ಇದ್ದವರಿಗೆ ನಾ ಏಳು ಅನ್ನಂಗಿಲ್ಲ."

ಮರುದಿನ ನೋಂದಣಿ ಕಚೇರಿಯ ಹೊರಗೆ, ಊಟಕ್ಕೆ ಹೋದ ಗುಮಾಸ್ತ ಬರಲೆಂದು ಕಾಯುತ್ತ ಕುಳಿತಿದ್ದಾಗ, ಭಾಗಣ್ಣ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದ.

"ಮಾಸ್ತರ, ಈ ಮಂದಿ ಯಾವಾಗ ಏಳ್ತಾರ್ರಿ? ಮಳಿ ಮುಗದ ಮ್ಯಾಲೇನು?"

ಆಗ ನನಗೆ ಅರ್ಥವಾಯಿತು. ಪರರ ನೆಲದಲ್ಲಿ ಇಳಿದವರು ತಮ್ಮ ಹೊತ್ತು ಮುಗಿದ ಮೇಲೆ ಎದ್ದು ಹೋಗುತ್ತಾರೆ ಎಂದು ಅವನು ತಿಳಿದಿದ್ದ. ಕಿರಾಯಿ ಅವನ ಲೆಕ್ಕದಲ್ಲಿ ಹೊಲದವನ ಜೋಳ ಇದ್ದಂತೆ. ಈ ಸಲ ಹೊಲದವನು ತಾನು, ಹಟ್ಟಿಯವರು ನಾವು. ಕಾಗದಕ್ಕೆ ಇನ್ನೂ ಹೆಬ್ಬೆಟ್ಟು ಬಿದ್ದಿರಲಿಲ್ಲ. ಒಂದು ಮಾತು ಹೇಳಿದ್ದರೆ ಅವನು ಎದ್ದು ಹೋಗಿ ವಾಡೆಗಾಗಿ ಮಾರಲಿದ್ದ ಕುರಿಗಳನ್ನು ಉಳಿಸಿಕೊಳ್ಳುತ್ತಿದ್ದ. ಆದರೆ ಅವನು ಹೋದರೆ ಬರುವವನು ಹತ್ತಿಯ ದಲಾಲಿ, ಮತ್ತು ದಲಾಲಿ ಬಂದರೆ ನಾನು ಬೀದಿಗೆ.

"ಅವರವರ ಕೆಲಸ ಮುಗದ ಮ್ಯಾಲ ಏಳ್ತಾರ" ಎಂದೆ.

ಸುಳ್ಳಲ್ಲ. ನನ್ನ ಕೆಲಸ ಮುಗಿಯಲು ಇನ್ನೂ ಇಪ್ಪತ್ತಾರು ವರ್ಷವಿತ್ತು.

ಹಿಂಡು ಮಾರಿ ಬಂದ ಗಂಡ ಹೆಂಡತಿ ಹೆಬ್ಬಾಗಿಲಿನಲ್ಲಿ ಇಳಿದರು. ಬಾಗಿಲು ದಾಟಿದ ಕೂಡಲೇ ಎರಡೂ ಮಗ್ಗುಲಿಗೆ ಕಲ್ಲಿನ ಕಟ್ಟೆ, ಮೇಲೆ ಮಾಳಿಗೆ, ಅಂಗಳದ ಕಡೆ ಪೂರ್ತಿ ಬಯಲು. ಒಂದು ಕಟ್ಟೆಯ ಮೇಲೆ ಅಡುಗೆ, ಇನ್ನೊಂದರ ಮೇಲೆ ಹಾಸಿಗೆ. "ಮಳಿಗಾಲ ಒಂದು ಕಳೀಲಿ" ಎಂದು ಭಾಗಣ್ಣ ಹೆಂಡತಿಗೆ ಹೇಳಿದ. ಹಣಮಮ್ಮ ದಿನಕ್ಕೊಂದು ಸಲ ಆರೂ ಖೋಲಿಗಳ ಮುಂದೆ ಸುಮ್ಮನೆ ಹಾದು ಬರುತ್ತಿದ್ದಳು, ಯಾವುದು ತನಗಾದೀತು ಎಂದು ಆರಿಸುವವಳ ಹಾಗೆ. ಬಾವಿಯ ಮಗ್ಗುಲಿನದು ಅವಳಿಗೆ ಹಿಡಿಸಿತ್ತು ಎಂದು ಐದನೆಯ ಖೋಲಿಯ ಅಖ್ತರಬೇಗಂ ನನಗೆ ಹೇಳಿದರು. ಬೇಗಂ ವಿಧವೆ, ಕುಪ್ಪಸ ಹೊಲಿದು ಬದುಕುವವರು. ಆ ವಾಡೆಯಲ್ಲಿ ಹಣಮಮ್ಮನ ಜೊತೆ ಕುಳಿತು ಮಾತಾಡುತ್ತಿದ್ದವರು ಅವರೊಬ್ಬರೇ.

ಮಳೆ ನಿಂತಿತು. ದಸರೆ ಹೋಯಿತು, ದೀಪಾವಳಿ ಹೋಯಿತು. ಯಾರೂ ಏಳಲಿಲ್ಲ. ಬದಲಿಗೆ ಮೌನಪ್ಪನ ಮನೆಯಲ್ಲಿ ಒಂದು ಮಗು ಹುಟ್ಟಿತು. ಸಂಕ್ರಾಂತಿಯ ಮಾರನೆಯ ದಿನ ಭಾಗಣ್ಣ ನನ್ನ ಖೋಲಿಯ ಹೊಸ್ತಿಲಿನ ಹೊರಗೆ ಬಂದು ಕುಳಿತ.

"ಮಾಸ್ತರ, ಕಿರಾಯಿ ಅಂದ್ರ ಎಷ್ಟ ದಿನ್ರಿ ಅದು?"

ಈ ಸಲ ನಿಜ ಹೇಳಿದೆ. ಕಿರಾಯಿ ಕೊಡುವ ತನಕ ಇರಬಹುದು ಎಂದೆ, ಕೆಲವರು ಸಾಯುವ ತನಕ ಇರುತ್ತಾರೆ ಎಂದೆ. ಅವನು ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. "ಹಂಗೇನ್ರಿ" ಎಂದಷ್ಟೇ ಹೇಳಿ ಎದ್ದು ಹೋದ.

ಆಮೇಲಿನ ವರ್ಷಗಳಲ್ಲಿ ಅವನು ಸಿಕ್ಕಿಕೊಂಡ ರೀತಿಯನ್ನು ನಾನು ದಿನವೂ ಕಣ್ಣಾರೆ ನೋಡಿದೆ. ವಕೀಲರೊಬ್ಬರು ಪುಕ್ಕಟೆಯಾಗಿ ಹೇಳಿದರು, ಮಾಲೀಕನ ಸ್ವಂತ ವಾಸಕ್ಕೆಂದು ಅರ್ಜಿ ಹಾಕಿದರೆ ಒಂದು ಖೋಲಿಯನ್ನಾದರೂ ಬಿಡಿಸಬಹುದು ಎಂದು. "ಅರ್ಜಿ ಹಾಕೂದೂ ಏಳು ಅಂದಂಗಾ ಅಲ್ಲೇನ್ರಿ?" ಎಂದು ಭಾಗಣ್ಣ ತಿರುಗಿ ಬಂದ. ಮಾರಿಬಿಡೋಣವೆಂದು ನೋಡಿದ. ಕೊಳ್ಳಲು ಬಂದವರಿಗೆಲ್ಲ ಮೊದಲು ತನ್ನ ಆಣೆಯ ಸಂಗತಿ ಹೇಳಿ, ಅದನ್ನು ಕೊಂಡವರೂ ನಡೆಸಬೇಕು ಎನ್ನುತ್ತಿದ್ದ. ಕೇಳಿದವರು ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಬೇರೆ ಕಡೆ ಒಂದು ಖೋಲಿ ಕಿರಾಯಿಗೆ ಹಿಡಿಯೋಣ ಎಂದರೆ ಹಣಮಮ್ಮ ಒಪ್ಪಲಿಲ್ಲ. "ಆರು ಖೋಲಿ ಇಟ್ಕೊಂಡು ಮಂದಿ ಮನ್ಯಾಗ ಹೋಗಿ ಕುಂದರ್ಲೇನು? ನಂದಾ ಬಾಗಲಾ ಬೇಕು ನನಗ" ಎಂದಳು. ಅದು ಹಟವೆಂದು ನಾವೆಲ್ಲ ಅಂದುಕೊಂಡೆವು. ಖೋಲಿಯೊಳಗೆ ಕುಳಿತು ಹಾಗೆ ಅಂದುಕೊಳ್ಳುವುದು ಸುಲಭ.

ಕುರಿ ಬಿಟ್ಟರೆ ಬೇರೆ ಕಸುಬು ಬಾರದ ಭಾಗಣ್ಣ ಸಂತೆಯಲ್ಲಿ ಉಣ್ಣೆ ಹಿಂಜಿದ, ಗಿರಣಿಯಲ್ಲಿ ಚೀಲ ಹೊತ್ತ. ಬಂದ ಕಿರಾಯಿಯೆಲ್ಲ ಸೋರುವ ಮಣ್ಣಿನ ಮಾಳಿಗೆ ನುಂಗುತ್ತಿತ್ತು. ಮೊದಲ ಮಳೆ ಬಿದ್ದರೆ ಸಾಕು, ಆರೂ ಬಾಗಿಲುಗಳಿಂದ "ಭಾಗಣ್ಣ, ಸೋರಾಕತ್ತದ" ಎಂಬ ಕೂಗು. ಅವನು ಮಣ್ಣಿನ ಬುಟ್ಟಿ ಹೊತ್ತು ಮೇಲೆ ಹತ್ತಿ, ನಮ್ಮ ತಲೆಗಳ ಮೇಲೆ ನಡೆದಾಡುತ್ತ ಮಣ್ಣು ತುಳಿಯುತ್ತಿದ್ದ. ಕೂಗಿದವರಲ್ಲಿ ನನ್ನ ಗಂಟಲೇ ದೊಡ್ಡದು, ಮಕ್ಕಳಿಗೆ ಮಗ್ಗಿ ಹೇಳಿಸಿ ಹೇಳಿಸಿ ಬೆಳೆದದ್ದು.

ಹಣಮಮ್ಮನ ಪಾಡು ಅದಕ್ಕಿಂತ ಕಡೆ. ಹೆಬ್ಬಾಗಿಲಿಗೆ ಅಗುಳಿ ಇತ್ತು ನಿಜ. ಆದರೆ ಆರು ಮನೆಯ ಜನ ಓಡಾಡುವ ಬಾಗಿಲನ್ನು ಯಾರು ಹಾಕಿಟ್ಟಾರು? ಕತ್ತಲಾದ ಮೇಲೆ ಹಾಕಿದರೆ ನಾಲ್ಕನೆಯ ಖೋಲಿಯ ಬಸ್ ಕಂಡಕ್ಟರ ಹೊತ್ತುಗೊತ್ತಿಲ್ಲದೆ ಬಂದು ಬಡಿಯುತ್ತಿದ್ದ, ಮೌನಪ್ಪ ಕೋಳಿ ಕೂಗುವ ಮೊದಲೇ ಕುಲುಮೆಗೆ ಹೊರಡುತ್ತಿದ್ದ. ಪ್ರತಿ ಸಲ ಏಳಬೇಕಾದವಳು ಇವಳು. ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಬೇಕೆಂದು ಬಂದ ಹೆಂಗಸು, ಕಂಡಕಂಡವರಿಗೆಲ್ಲ ಬಾಗಿಲು ತೆಗೆಯುವ ಕೆಲಸಕ್ಕೆ ಬಿದ್ದಳು. ಹೊರಗಿನಿಂದ ಬಡಿತ ಕೇಳಿದಾಗಲೆಲ್ಲ ಅವಳಿಗೆ ಹಟ್ಟಿಗೆ ಜನ ನುಗ್ಗಿದ ಆ ರಾತ್ರಿಯೇ ನೆನಪಾಗುತ್ತಿತ್ತಂತೆ. ಬೇಗಂ ಇದನ್ನೂ ನನಗೆ ಹೇಳಿದ್ದರು. ಹೇಳಿ, "ನನ್ನ ಖೋಲಿ ಬಿಟ್ಟು ಕೊಡಬೇಕಂದ್ರ ನನಗ ಹೋಗಾಕ ಜಾಗಾ ಇಲ್ಲ ಮಾಸ್ತರ" ಎಂದು ಕಣ್ಣೊರೆಸಿಕೊಂಡರು. ನನಗೆ ಜಾಗವಿತ್ತು. ಬೇಗಂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ನನ್ನ ಊರು ಹುಣಸಗಿ. ಹೆಂಡತಿ ಮಕ್ಕಳು ಅಲ್ಲಿಯೇ, ಅಪ್ಪನ ಮನೆಯಲ್ಲಿ, ಒಟ್ಟು ಹದಿನಾರು ಜನರ ನಡುವೆ. ನಾನು ತಿಂಗಳಿಗೆ ಎರಡು ಸಲ ಹೋಗಿ ಬರುತ್ತಿದ್ದೆ. ಐವತ್ತೈದರ ಬೇಸಿಗೆಯಲ್ಲಿ ನನಗೆ ಸುರಪುರಕ್ಕೆ ವರ್ಗದ ಹುಕುಂ ಬಂತು. ಸುರಪುರವೆಂದರೆ ಹುಣಸಗಿಗೆ ಹತ್ತಿರ, ಊರಿನಿಂದಲೇ ಓಡಾಡಬಹುದು. ಶಾಲೆಯಲ್ಲಿ ಎಲ್ಲರೂ ನನಗೆ ಒಳ್ಳೆಯದಾಯಿತೆಂದರು.

ಸುದ್ದಿಯನ್ನು ನಾನೇ ಭಾಗಣ್ಣನಿಗೆ ಹೇಳಿದೆ. ಅವನು ಏಳು ಎಂದಂತಾದೀತು ಎಂದು ಹೆದರಿ "ಯಾವಾಗ" ಎಂದೂ ಕೇಳಲಿಲ್ಲ. ಹಣಮಮ್ಮ ಕೇಳಿದಳು. "ಅಮಾಸಿಗೆ ಹೋಗ್ತೀರೇನ್ರಿ, ಅಣ್ಣಾರ?" ಅಷ್ಟು ವರ್ಷ ಮಾಸ್ತರ ಎನ್ನುತ್ತಿದ್ದವಳು ಅಂದು ಅಣ್ಣ ಎಂದಳು. ಹೌದು ಎಂದೆ.

ಮರುದಿನದಿಂದ ಅವಳ ಸಂಭ್ರಮ ನೋಡಬೇಕಿತ್ತು. ಸುಣ್ಣ ತಂದು ನೆನೆಹಾಕಿದಳು. ನಾನು ಶಾಲೆಗೆ ಹೋದಾಗ ನನ್ನ ಖೋಲಿಯ ಹೊರಗೋಡೆಗೆ ಬಳಿದಳು, ಒಳಗೆ ಕಾಲಿಡಲಿಲ್ಲ. ಮೌನಪ್ಪನಿಂದ ಹೊಸ ಚಿಲಕ ಮಾಡಿಸಿ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದಳು. ವಾಡೆಯ ಹೆಂಗಸರಿಗೆಲ್ಲ ಅದನ್ನು ಬಿಚ್ಚಿ ಬಿಚ್ಚಿ ತೋರಿಸುತ್ತಿದ್ದಳು.

ಇತ್ತ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಹುಣಸಗಿಯ ಆ ಮನೆ ಕಣ್ಣಿಗೆ ಕಟ್ಟುತ್ತಿತ್ತು. ಅಪ್ಪನ ಕೆಮ್ಮು, ಅಣ್ಣಂದಿರ ಜಗಳ, ಮೈಮೇಲೆ ಬೀಳುವ ಮಕ್ಕಳು. ನನ್ನ ಹೆಂಡತಿ ಅಲ್ಲಿ ಹತ್ತು ವರ್ಷದಿಂದ ಅದನ್ನೆಲ್ಲ ತಾಳಿಕೊಂಡಿದ್ದಳು, ಆದರೆ ನಾನು ತಾಳಲಾರೆ ಎನಿಸಿತು. ಸಂಜೆ ಬಂದು ಬಾಗಿಲು ಹಾಕಿಕೊಂಡು, ದೀಪ ಹಚ್ಚಿ, ಒಬ್ಬನೇ ಕುಳಿತು ಓದುವ ಸುಖ ನನಗೆ ಬದುಕಿನಲ್ಲಿ ಸಿಕ್ಕಿದ್ದು ಆ ಖೋಲಿಯಲ್ಲಿ ಮಾತ್ರ. ಹಣಮಮ್ಮನಿಗೆ ಏನು ಬೇಕಾಗಿತ್ತೋ ನನಗೂ ಅದೇ ಬೇಕಾಗಿತ್ತು. ಆ ಹೆಂಗಸನ್ನು ಆ ವಾಡೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದವನು ನಾನೇ. ಅರ್ಥಮಾಡಿಕೊಂಡೇ ನಾನು ಗುಲ್ಬರ್ಗಕ್ಕೆ ಹೋಗಿ, ಪರಿಚಯದವರನ್ನು ಹಿಡಿದು, ವರ್ಗ ರದ್ದು ಮಾಡಿಸಿಕೊಂಡು ಬಂದೆ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಹಣಮಮ್ಮ. ತಲೆಯ ಮೇಲೆ ನೀರು ತುಂಬಿದ ಕೊಡ, ಕಂಕುಳಲ್ಲಿ ಕಂಬಳಿಯ ಸುರುಳಿ. ಅವಳ ಹಿಂದೆ ಬೇಗಂ ಒಂದು ಬುಟ್ಟಿ ಹಿಡಿದು ನಿಂತಿದ್ದರು. ಖೋಲಿಯೊಳಗೆ ನನ್ನ ಸಾಮಾನು ಇದ್ದಲ್ಲೇ ಇತ್ತು. ಅವಳು ಅದನ್ನು ನೋಡಿದಳು.

"ವರ್ಗ ರದ್ದಾತು, ತಂಗಿ" ಎಂದೆ. "ಸರಕಾರದ ಹುಕುಂ. ನನ್ನ ಕೈಯಾಗ ಏನದ?"

ಅವಳು ಕೊಡ ಹೊತ್ತುಕೊಂಡೇ ಹೆಬ್ಬಾಗಿಲಿಗೆ ಹಿಂತಿರುಗಿ ಹೋದಳು. ಭಾಗಣ್ಣ ಮಾತ್ರ ಸಂಜೆ ಬಂದು, "ಇರ್ಲಿ ಬಿಡ್ರಿ ಮಾಸ್ತರ, ನೀವರೇ ಏನ ಮಾಡ್ತೀರಿ" ಎಂದು ನನ್ನನ್ನೇ ಸಮಾಧಾನ ಮಾಡಿದ. ಆ ಮನುಷ್ಯನ ಒಳ್ಳೆಯತನ ಕಂಡರೆ ನನಗೆ ಮೈ ಉರಿಯುತ್ತಿತ್ತು. ಇವನೊಮ್ಮೆ ಬೈದಿದ್ದರೆ ನಾನು ಅಂದೇ ಖೋಲಿ ಬಿಡುತ್ತಿದ್ದೆನೇನೋ ಎಂದು ಈಗಲೂ ಅಂದುಕೊಳ್ಳುತ್ತೇನೆ. ಅದೂ ಸುಳ್ಳೇ ಇರಬೇಕು.

ಆ ವರ್ಷ ಮಳೆ ಮುಗಿದ ಮೇಲೆ ಹಣಮಮ್ಮನ ತಮ್ಮನ ಹಿಂಡು ಶಹಾಪುರದ ಮೇಲೆ ಹಾದು ಕೃಷ್ಣಾ ದಂಡೆಗೆ ಹೊರಟಿತ್ತು. ಅವಳು ಎರಡು ಸೀರೆ ಗಂಟು ಕಟ್ಟಿಕೊಂಡು ಅದರ ಹಿಂದೆ ನಡೆದುಬಿಟ್ಟಳು. ಬಯಲೆಂದರೆ ಹೆದರುತ್ತಿದ್ದವಳು ಬಯಲಿಗೇ ಹೋದಳು. ಹೋಗುವಾಗ ಗಂಡನಿಗೆ ಹೇಳಿದ್ದು ಇಷ್ಟು: "ಅಲ್ಲಿ ನನ್ನ ಯಾರೂ ಎಬ್ಬಸಂಗಿಲ್ಲ."

ಭಾಗಣ್ಣ ಅವಳ ಹಿಂದೆ ಹೋಗಲಾರದೆ ಉಳಿದ. ಹೆಬ್ಬಾಗಿಲು ಕಾಯುವವರಾರು, ಮಾಳಿಗೆ ತುಳಿಯುವವರಾರು, ಮಾತು ಕೊಟ್ಟ ಇಪ್ಪತ್ತೇಳು ತಲೆಗಳನ್ನು ಯಾರ ಕೈಗೆ ಒಪ್ಪಿಸುವುದು? ಒಂದು ದಿನ ನನ್ನ ಬಳಿ ಬಂದು ಕಾಗದ ಬರೆದುಕೊಡಿ ಎಂದ. ಯಾವ ಊರಿಗೆ ಎಂದು ಕೇಳಿದೆ. ಹಿಂಡು ಇವತ್ತು ಎಲ್ಲಿದೆಯೋ ನಾಳೆ ಎಲ್ಲಿಯೋ. ಅವನು ತಲೆ ಕೆರೆದುಕೊಂಡು ನಿಂತ, ಆಮೇಲೆ ಬೇಡ ಎಂದ.

ಅಂದು ನಾನೇ ಬಾಯಿಬಿಟ್ಟೆ. "ಭಾಗಣ್ಣ, ನಾ ಈ ತಿಂಗಳಾ ಖೋಲಿ ಬಿಡ್ತೀನಿ" ಎಂದೆ.

"ಇನ್ನ್ಯಾಕ್ರಿ" ಎಂದ ಅವನು. "ನಂದೊಂದು ಜೀವ, ಕಟ್ಟಿ ಮ್ಯಾಲ ಬೀಳತದ. ನೀವು ಇರ್ರಿ."

ನನಗೆ ಸಮಾಧಾನವಾಯಿತು. ನಾಚಿಕೆಯಾಗಬೇಕಿತ್ತು, ಸಮಾಧಾನವಾಯಿತು. ಎರಡನೆಯ ಸಲ ನಾನು ಹೇಳಲಿಲ್ಲ.

ಮುಂದಿನ ವರ್ಷ ನವೆಂಬರ್ ಒಂದರಂದು ನಮ್ಮ ಜಿಲ್ಲೆಯೂ ಹೊಸ ಮೈಸೂರು ರಾಜ್ಯ ಸೇರಿತು. ನಾನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಊರೆಲ್ಲ ಮೆರವಣಿಗೆ ಮಾಡಿಸಿ, ಶಾಲೆಯ ಮುಂದೆ ಭಾಷಣ ಮಾಡಿದೆ. ಚದುರಿದ ಕನ್ನಡಿಗರೆಲ್ಲ ಇಂದು ತಮ್ಮ ತಮ್ಮ ಮನೆ ಸೇರಿದರು ಎಂದೆ. ಜನ ಚಪ್ಪಾಳೆ ತಟ್ಟಿದರು. ಗಂಟಲು ಒಣಗಿ, ಮಧ್ಯಾಹ್ನ ಖೋಲಿಗೆ ಬಂದು ಬಾಗಿಲು ಹಾಕಿಕೊಂಡು ಅಡ್ಡಾದೆ.

ಸ್ವಲ್ಪ ಹೊತ್ತಿನಲ್ಲಿ ಹೊರಗೆ, ಬಾವಿಯ ಹತ್ತಿರ, ಹಣಮಮ್ಮನ ದನಿ ಕೇಳಿಸಿತು. ಅವಳ ತಮ್ಮನ ಹಿಂಡು ಮತ್ತೆ ಈ ದಾರಿಯಲ್ಲಿ ಬಂದಿತ್ತು. ಭಾಗಣ್ಣ ಹಗ್ಗ ಇಳಿಬಿಟ್ಟು ನೀರು ಸೇದುತ್ತಿದ್ದ. ಅವಳು ಬೊಗಸೆಯೊಡ್ಡಿ ಕುಡಿಯುತ್ತಿರಬೇಕು, ಮಾತು ತಡೆದು ತಡೆದು ಬರುತ್ತಿತ್ತು. ಕುರಿಗಳ ಸುದ್ದಿ ಹೇಳಿದಳು, ತಮ್ಮನ ಮಗಳ ಮದುವೆಯ ಸುದ್ದಿ ಹೇಳಿದಳು. ಆಮೇಲೆ ಕೇಳಿದಳು.

"ಮಾಸ್ತರ ಖೋಲಿ ಖಾಲಿ ಆತೇನು?"

ನನಗೂ ಅವಳಿಗೂ ನಡುವೆ ಒಂದು ಹಲಗೆಯ ಬಾಗಿಲು ಮಾತ್ರ ಇತ್ತು. ಎದ್ದು ಅದನ್ನು ತೆಗೆದು, ಆಯಿತು ತಾಯಿ, ಇವತ್ತೇ ಆಯಿತು, ಎಂದಿದ್ದರೆ ಸಾಕಿತ್ತು. ನಾನು ಉಸಿರು ಬಿಗಿಹಿಡಿದು ಮಲಗಿದ್ದೆ, ಕಂಬಳಿಯ ಕೆಳಗೆ ಬಿದ್ದವನಂತೆ.

"ಇಲ್ಲ" ಎಂದ ಭಾಗಣ್ಣ. "ಅವರಿಗಿನ್ನ ಕೆಲಸ ಅದ."

"ಹಂಗಾರ ಬರ್ತೀನಿ" ಎಂದಳು ಅವಳು.

ಅವಳ ಹೆಜ್ಜೆ ಹೆಬ್ಬಾಗಿಲು ದಾಟಿ, ಕುರಿಗಳ ಸದ್ದು ಪೂರ್ತಿ ಅಡಗಿದ ಮೇಲೆ ನಾನು ಹೊರಗೆ ಬಂದೆ. ಒಂದನೆಯ ತಾರೀಖಾಗಿತ್ತಲ್ಲ, ಭಾಗಣ್ಣನ ಕೈಗೆ ಆ ತಿಂಗಳ ಕಿರಾಯಿ ಕೊಟ್ಟೆ. ಅವನು ಎಣಿಸದೆ ಇಸಿದುಕೊಂಡ.